ರಂಗ ಕಾರ್ಯಾಗಾರ ಅಂದರೆ ಗ್ಯಾದರಿಂಗ್ ನಾಟಕ ಅಲ್ಲ, ಸರ್

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆ. ಮಕ್ಕಳಿಗೆ ರಂಗ ಕಾರ್ಯಾಗಾರ ಮಾಡಿಸುವ ಆಸೆ ಇದೆ. ಆದರೆ ಸ್ಟೇಜ್ ಇಲ್ಲ, ಡ್ರೆಸ್ ಇಲ್ಲ, ನನಗೆ ನಟನೆಯೂ ಬರುವುದಿಲ್ಲ. ಪೋರ್ಷನ್ ಬೇರೆ ಬಾಕಿ ಇದೆ. ಏನು ಮಾಡಲಿ?

ಉತ್ತರ: ಇದೇ ಪ್ರಶ್ನೆ ಬೆಳಗಾವಿಯಿಂದಲೂ ಬರುತ್ತದೆ, ವಿಜಯಪುರದಿಂದಲೂ ಬರುತ್ತದೆ. ಮತ್ತೊಮ್ಮೆ ಹೇಳುತ್ತೇನೆ. ಸ್ಟೇಜ್ ಬೇಡ, ಡ್ರೆಸ್ ಬೇಡ, ನಿಮ್ಮ ನಟನೆಯೂ ಬೇಡ. ಪಾಠವನ್ನೇ ಹಿಡಿದು ಮಾಡಿ, ಪೋರ್ಷನ್ನೂ ಮುಂದೆ ಹೋಗುತ್ತದೆ.

ಅಡ್ಡ ಬರುವುದು ಸ್ಟೇಜ್ ಅಲ್ಲ, ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ. ನಾಟಕ ಅಂದ ಕೂಡಲೇ ನಮಗೆಲ್ಲ ಅದೇ ನೆನಪಾಗುತ್ತದೆ. ಬಿಇಒ ಸಾಹೇಬರು ಬರುತ್ತಾರೆ, ಒಂದು ನಾಟಕ ಕಲಿಸಿ ಅಂತ ಹೆಡ್‌ಮಾಸ್ತರು ಹೇಳುತ್ತಾರೆ. ಜೋರು ದನಿಯ ನಾಲ್ಕು ಮಕ್ಕಳಿಗೆ ದೊಡ್ಡ ಪಾತ್ರ. ಉಳಿದವರು ಸೈನಿಕರು, ಇಲ್ಲಾಂದ್ರೆ ಗಿಡ. ತಿಂಗಳುಗಟ್ಟಲೆ ಬಾಯಿಪಾಠ. ಆಡುವ ಮಾತಿನ ಅರ್ಥ ಕೇಳಿ ನೋಡಿ, ರಾಜನ ಪಾತ್ರದವನಿಗೇ ಗೊತ್ತಿರುವುದಿಲ್ಲ! ಗ್ಯಾದರಿಂಗ್ ಬೇಡ ಅಂತಲ್ಲ. ಆಗಲಿ, ಊರವರು ನೋಡಿ ಖುಷಿಪಡಲಿ. ಆದರೆ ಅದಕ್ಕೆ ಕಲಿಕೆ ಅಂತ ಹೆಸರಿಡಬೇಡಿ. ತರಗತಿಯ ರಂಗ ಚಟುವಟಿಕೆಗೆ ಪ್ರೇಕ್ಷಕರೇ ಇಲ್ಲ. ಸುಮ್ನೆ ಕೂತು ನೋಡುವ ಮಗು ಒಂದೂ ಇರಬಾರದು. ಇಷ್ಟು ಹೇಳಿದ ಮೇಲೂ, 'ಕೊನೇ ದಿನ ಪ್ರದರ್ಶನ ಇರುತ್ತಲ್ವಾ ಸರ್?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ. ಇರುವುದಿಲ್ಲ.

ಹಾಗಾದರೆ ಏನಿರುತ್ತದೆ? ಹತ್ತನೇ ತರಗತಿಯ 'ಹಲಗಲಿ ಬೇಡರು' ಲಾವಣಿ ತಗೊಳ್ಳಿ. ಹಲಗಲಿ ಇರುವುದು ನಮ್ಮ ಮುಧೋಳ ಸೀಮೆಯಲ್ಲೇ. ಹತಾರ, ಅಂದರೆ ಆಯುಧ, ಒಪ್ಪಿಸಿ ಅಂದ ಬ್ರಿಟಿಷರ ಕಂಪನಿ ಸರ್ಕಾರದ ವಿರುದ್ಧ ದಂಗೆ ಎದ್ದ ಬೇಡರ ಕಥೆ ಅದು. ಪುಸ್ತಕ ತೆರೆಸುವ ಮೊದಲು ಬೆಂಚು ಪಕ್ಕಕ್ಕೆ ಸರಿಸಿ. ನೀವು ಕಂಪನಿ ಸರ್ಕಾರದ ಕಾರಕೂನ, ಎದುರಿಗೊಂದು ರಿಜಿಸ್ಟರು. ಮಕ್ಕಳೆಲ್ಲ ಊರಿನ ಬೇಡರು. ವರ್ಷ 1857. 'ಮನೆಯಲ್ಲಿರುವ ಹತಾರ ಎಲ್ಲ ತಂದು ಒಪ್ಪಿಸಿ' ಅಂತ ಹುಕುಂ ಓದಿ, ಹೊರಗೆ ಹೋಗಿಬಿಡಿ. ಹತ್ತು ನಿಮಿಷ ಅವರೇ ಪಂಚಾಯ್ತಿ ನಡೆಸಲಿ. 'ಕೊಟ್ಟಬಿಡೂಣು, ಜೀವಾ ಉಳದ್ರ ಸಾಕು' ಅಂತ ಒಬ್ಬ. 'ಬ್ಯಾಟಿ ಇಲ್ದ ಹೊಟ್ಟಿಗೇನ್ ತಿಂತಿ?' ಅಂತ ಇನ್ನೊಬ್ಬಳು. ಆಮೇಲೆ ಲಾವಣಿ ಓದಿಸಿ. ದಂಗೆಗೆ ಕಾರಣವೇನು ಎಂಬ ಪರೀಕ್ಷೆ ಪ್ರಶ್ನೆಗೆ ಉತ್ತರ ಆಗಲೇ ಅವರ ಬಾಯಲ್ಲಿರುತ್ತದೆ, ಗೈಡ್ ಬೇಕಾಗುವುದಿಲ್ಲ.

ಮರುದಿನ ಒಂದು ಮಗುವನ್ನು ಕುರ್ಚಿಯ ಮೇಲೆ ಕೂರಿಸಿ. ಅವನೀಗ ಬೇಡರ ಪಡೆಯವನು, ಇಲ್ಲವೇ ಊರಿಗೆ ಬೆಂಕಿ ಇಟ್ಟ ದಂಡಿನ ಸಿಪಾಯಿ. ತರಗತಿ ಪ್ರಶ್ನೆ ಕೇಳುತ್ತದೆ, ಅವನು ಆ ಪಾತ್ರವಾಗಿಯೇ ಉತ್ತರ ಕೊಡಬೇಕು. ತರಬೇತಿಗಳಲ್ಲಿ ಇದನ್ನು 'ಹಾಟ್ ಸೀಟಿಂಗ್' ಅಂತ ಹೊಸದೆಂಬಂತೆ ಕಲಿಸುತ್ತಾರೆ. ನಮ್ಮ ಕಡೆಯ ಬಯಲಾಟವಾದ ದೊಡ್ಡಾಟದಲ್ಲಿ ಆಟ ನಡೆಸಿಕೊಡುವ ಸಾರಥಿ, ರಂಗಕ್ಕೆ ಬಂದ ಪ್ರತಿ ಪಾತ್ರವನ್ನೂ ನೀವ್ಯಾರು, ಯಾವ ಊರು, ಬಂದ ಕಾರಣವೇನು ಅಂತ ಕೇಳುವುದಿಲ್ಲವೇ? ನಮಗಿದು ಹಳೇ ಪರಿಚಯ. ಯಾರಾದರೂ ತಕರಾರು ತೆಗೆದರೆ, ನಾಟಕವೂ ಶಾಲೆಯ ಕಲಿಕೆಯ ಭಾಗವಾಗಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ ಅನ್ನಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಪಾತ್ರದಲ್ಲಿರುವ ಮಗುವಿನ ಮಾತು ತಿದ್ದಬೇಡಿ. 'ಕೊಡಂಗಿಲ್ಲ' ಅಂದವಳಿಗೆ 'ಕೊಡುವುದಿಲ್ಲ ಅನ್ನು' ಅಂದರೆ ಅವಳ ಸಿಟ್ಟು ಅಲ್ಲಿಗೇ ತಣ್ಣಗಾಯಿತು, ಪಂಚಾಯ್ತಿಯೂ ಮುಗಿಯಿತು. ಆ ಲಾವಣಿಯೇ ನಮ್ಮ ಕಡೆಯ ಮಾತಿನಲ್ಲಿದೆ. ಅದನ್ನು ಮಾರ್ಕ್ಸಿಗಾಗಿ ಓದಿಸುತ್ತೇವೆ, ಹಾಗೇ ಮಾತಾಡಿದ ಮಗುವನ್ನು ಮಾತ್ರ ತಿದ್ದುತ್ತೇವೆ! ಬೆಳಗಾವಿ ಕಡೆ ಮನೆಯಲ್ಲಿ ಮರಾಠಿ, ಉರ್ದು ಆಡುವ ಮಕ್ಕಳಿರುತ್ತಾರೆ. ಅವರು ಮೊದಲು ತಮ್ಮ ಮಾತಿನಲ್ಲೇ ಹೇಳಲಿ, ಪಕ್ಕದವನು ಕನ್ನಡದಲ್ಲಿ ಹೇಳಲಿ. ಬರೆಯುವ ಕನ್ನಡಕ್ಕೆ ಮರುದಿನದ ಪಿರಿಯಡ್ ಇದೆ. ಕಾರಕೂನನ ರಿಜಿಸ್ಟರನ್ನು ಮಕ್ಕಳ ಕೈಗೇ ಕೊಟ್ಟು, ಪಂಚಾಯ್ತಿಯಲ್ಲಿ ಯಾರು ಏನಂದರು ಅಂತ ಪುಸ್ತಕದ ಕನ್ನಡದಲ್ಲಿ ಬರೆಸಿ. ತಿದ್ದುವುದಿದ್ದರೆ ಆಗ ತಿದ್ದಿ.