ಒಂದೇ ದಿನದಲ್ಲಿ ಮೆಕೆಂಜಿ ಕುಲದ ನೆಲ: ಗೈಡ್ ಜೊತೆ ಏನೇನು ನೋಡಬಹುದು?

ಪ್ರಶ್ನೆ: ಸ್ಕಾಟ್ಲೆಂಡ್ ಪ್ರವಾಸದಲ್ಲಿ ಇನ್ವರ್ನೆಸ್‌ಗೆ ನಮಗೆ ಸಿಗುವುದು ಒಂದೇ ಪೂರ್ತಿ ದಿನ. ಮೈಸೂರು ಸರ್ವೆ ಮಾಡಿದ ಕಾಲಿನ್ ಮೆಕೆಂಜಿಯ ಕುಲಕ್ಕೆ ಸೇರಿದ ಕೋಟೆ, ಸಮಾಧಿ, ಯುದ್ಧಭೂಮಿಗಳನ್ನು ಗೈಡ್ ಜೊತೆ ಒಂದು ದಿನದಲ್ಲಿ ನೋಡಿ ಮುಗಿಸಬಹುದೇ? ಐಲೀನ್ ಡೋನನ್ ಕೋಟೆ ಬಿಡಲು ಮನಸ್ಸಿಲ್ಲ. ಜೊತೆಗೆ ವಯಸ್ಸಾದ ಅಪ್ಪ ಅಮ್ಮ ಇರುತ್ತಾರೆ.

ಉತ್ತರ: ಎಲ್ಲವನ್ನೂ ಮುಗಿಸಲಾಗುವುದಿಲ್ಲ. ಅರ್ಧವನ್ನು ಚೆನ್ನಾಗಿ ನೋಡಬಹುದು. ಯಾವ ಅರ್ಧ ಎಂಬುದನ್ನು ಗೈಡ್ ಬುಕ್ ಮಾಡುವ ಮೊದಲೇ ತೀರ್ಮಾನಿಸಿಕೊಳ್ಳಿ.

ಮೆಕೆಂಜಿಗಳ ನೆಲ ಉತ್ತರ ಸ್ಕಾಟ್ಲೆಂಡಿನಲ್ಲಿ ಪಶ್ಚಿಮದ ಕಡಲಿಂದ ಪೂರ್ವದ ಕಡಲವರೆಗೆ ಹಬ್ಬಿತ್ತು. ಪಶ್ಚಿಮದ ಕಿಂಟೇಲ್ ಅವರು ತಲೆ ಎತ್ತಿದ ಜಾಗ. ಐಲೀನ್ ಡೋನನ್ ಇರುವುದು ಅಲ್ಲಿ. ಪೂರ್ವದ ಬ್ಯೂಲಿ, ಸ್ಟ್ರಾತ್‌ಪೆಫರ್, ಫೋರ್ಟ್ರೋಸ್ ಊರುಗಳು ಅವರು ಬಲ ಬಂದ ಮೇಲೆ ಮನೆ ಕಟ್ಟಿಕೊಂಡು, ಕೊನೆಗೆ ಮಣ್ಣಾದ ಜಾಗಗಳು. ಎರಡರ ನಡುವೆ ಬೆಟ್ಟದ ರಸ್ತೆ. ಇನ್ವರ್ನೆಸ್‌ನಿಂದ ಐಲೀನ್ ಡೋನನ್‌ಗೆ ಸುಮಾರು 105 ಕಿ.ಮೀ., ಕಾರಿನಲ್ಲಿ ಒಂದೂಮುಕ್ಕಾಲು ಗಂಟೆ. ಹೋಗಿ ಬರಲು ಮೂರೂವರೆ ಗಂಟೆ ಕಾರಿನಲ್ಲೇ ಕಳೆಯುತ್ತದೆ. ಪೂರ್ವದ ಮೂರೂ ಊರು ಸುತ್ತಿದರೂ ನೂರು ಕಿ.ಮೀ. ದಾಟುವುದಿಲ್ಲ.

ನಮ್ಮ ಸಲಹೆ ಸ್ಪಷ್ಟ: ಗೈಡ್‌ಗೆ ಕೊಡುವ ಹಣವನ್ನು ಪೂರ್ವಕ್ಕೆ ಖರ್ಚು ಮಾಡಿ. ಐಲೀನ್ ಡೋನನ್‌ನಲ್ಲಿ ಟಿಕೆಟ್ ಇದೆ, ಫಲಕಗಳಿವೆ, ವಿವರಿಸಲು ಸಿಬ್ಬಂದಿ ಇದ್ದಾರೆ. ಗೈಡ್ ಇಲ್ಲದೆ ಹೋದರೂ ಕೈ ಖಾಲಿಯಾಗಿ ಬರುವುದಿಲ್ಲ. ಬ್ಯೂಲಿ, ಫೋರ್ಟ್ರೋಸ್‌ಗಳಲ್ಲಿ ಇರುವುದು ಚಾವಣಿ ಬಿದ್ದ ಗೋಡೆಗಳು ಮತ್ತು ಸವೆದ ಕಲ್ಲುಗಳು. ಯಾರ ಸಮಾಧಿ, ಯಾಕೆ ಇಲ್ಲಿ, ಅವನ ಮೊಮ್ಮಗ ಏನಾದ ಎಂದು ಹೇಳುವವರು ಪಕ್ಕದಲ್ಲಿ ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ ಕಾರಿಗೆ ವಾಪಸ್ ಬರುತ್ತೀರಿ.

ಪೂರ್ವದ ದಿನ ಹೀಗೆ ಸಾಗಲಿ. ಬೆಳಿಗ್ಗೆ 9ಕ್ಕೆ ಇನ್ವರ್ನೆಸ್ ಬಿಟ್ಟರೆ ಎ862 ರಸ್ತೆಯಲ್ಲಿ 20 ಕಿ.ಮೀ. ದೂರದ ಬ್ಯೂಲಿಗೆ ಅರ್ಧ ಗಂಟೆ. ಅಲ್ಲಿನ ಕ್ರೈಸ್ತ ಮಠ ಸುಮಾರು 1230ರಲ್ಲಿ ಸ್ಥಾಪನೆಯಾದದ್ದು. ಪ್ರವೇಶ ಉಚಿತ, ನೆಲ ಸಮತಟ್ಟು, ಹಿರಿಯರಿಗೆ ತೊಂದರೆಯಿಲ್ಲ. ಕಿಂಟೇಲ್‌ನ ಮುಖ್ಯಸ್ಥರು 15ನೇ ಶತಮಾನದ ಕೊನೆಗೆ ತಮ್ಮವರನ್ನು ಇಲ್ಲಿ ಹೂಳಲು ಶುರುಮಾಡಿದರು. ಕವಚ ತೊಟ್ಟು ಮಲಗಿರುವ ಕೆನೆತ್ ಮೆಕೆಂಜಿಯ ಕಲ್ಲಿನ ಪ್ರತಿಮೆ ಉತ್ತರ ಬದಿಯ ಕೋಣೆಯಲ್ಲಿದೆ. ಪಶ್ಚಿಮದ ಕುಲವೊಂದು ಪೂರ್ವದ ಮಠದಲ್ಲಿ ಸಮಾಧಿ ಮಾಡಿಸಿಕೊಂಡಿತೆಂದರೆ ಅಧಿಕಾರ ಯಾವ ಕಡೆ ಹೊರಳುತ್ತಿತ್ತು ಎಂದು ತಿಳಿಯುತ್ತದೆ. ಗೈಡ್ ಈ ಮಾತು ತೆಗೆಯದಿದ್ದರೆ ನೀವೇ ಕೇಳಿ. ಬ್ಯೂಲಿ ಸುತ್ತಮುತ್ತ ಫ್ರೇಸರ್ ಕುಲದ ಪ್ರಭಾವವೂ ದೊಡ್ಡದು. ಸಾಮಾನ್ಯ ಟೂರುಗಳಲ್ಲಿ ಎರಡೂ ಕುಲಗಳ ಕಥೆ ಕಲಸಿಹೋಗುತ್ತದೆ. ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಅಲ್ಲಿಂದ ಸ್ಟ್ರಾತ್‌ಪೆಫರ್ ಇಪ್ಪತ್ತೈದು ನಿಮಿಷ. ಊರಂಚಿನ ಕಾಸಲ್ ಲೌಡ್ ಇಂದಿಗೂ ಕುಲದ ಪೀಠ, ಕ್ರೋಮಾರ್ಟಿ ಅರ್ಲ್ (ಬ್ರಿಟನ್ನಿನ ಒಂದು ಕುಲೀನ ಪದವಿ) ಮನೆತನದ ವಾಸದ ಮನೆ. ದಿನ ಕೆಡುವುದು ಹೆಚ್ಚಾಗಿ ಇಲ್ಲೇ. ಇದು ದಿನವೂ ತೆರೆದಿರುವ ಸ್ಮಾರಕವಲ್ಲ, ವರ್ಷದಲ್ಲಿ ಕೆಲವು ದಿನ ಮಾತ್ರ ಒಳಗೆ ಬಿಡುತ್ತಾರೆ. ಆದ್ದರಿಂದ ಮೊದಲು ಕೋಟೆ ತೆರೆದಿರುವ ದಿನ ನೋಡಿ, ಆಮೇಲೆ ಗೈಡ್ ಹಿಡಿಯಿರಿ, ರೈಲು ಮತ್ತು ಹೋಟೆಲ್ ಕೊನೆಗೆ ಬುಕ್ ಮಾಡಿ. ನಮ್ಮವರು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡಿ, ಗೇಟಿನ ಹೊರಗೆ ಫೋಟೊ ತೆಗೆದುಕೊಂಡು ಬರುತ್ತಾರೆ. ಒಳಗೆ ಹಳೆಯ ಗೋಪುರ-ಮನೆಗಳ ಕಿರಿದಾದ ಸುತ್ತು ಮೆಟ್ಟಿಲು. ಮಂಡಿನೋವು ಇರುವವರಿದ್ದರೆ ಎಷ್ಟು ಭಾಗ ನೋಡಬಹುದೆಂದು ಮೊದಲೇ ಬರೆದು ಕೇಳಿ. ಮೇಲೆ ಹತ್ತಲಾಗದವರು ಅಂಗಳದ ಮರಗಳನ್ನು ನೋಡಲಿ. 1550ರಲ್ಲಿ ನೆಟ್ಟದ್ದೆಂದು ಹೇಳುವ ಚೆಸ್ಟ್‌ನಟ್ ಮರ ಅಲ್ಲಿದೆ.

ಕನ್ನಡಿಗರು ಈ ಮನೆಯ ಮುಂದೆ ನಿಂತಾಗ ತಿಳಿದಿರಬೇಕಾದ ಹೆಸರು ಜಾನ್ ಮೆಕೆಂಜಿ, ಲಾರ್ಡ್ ಮೆಕ್ಲೌಡ್. ಬಿರುದಿನಲ್ಲಿ ಮೆಕ್ಲೌಡ್ ಎಂದಿದ್ದರೂ ಇವನು ಮೆಕೆಂಜಿಯೇ. ತಂದೆ, ಮೂರನೆಯ ಕ್ರೋಮಾರ್ಟಿ ಅರ್ಲ್, ಪದಚ್ಯುತ ಸ್ಟುವರ್ಟ್ ರಾಜವಂಶಕ್ಕೆ ಸಿಂಹಾಸನ ಮರಳಿಸಲು ಎದ್ದ 1745ರ ಬಂಡಾಯಕ್ಕೆ ಸೇರಿದ. ಬಂಡಾಯಗಾರರು ಸೋತ ಕಲ್ಲೊಡೆನ್ ಯುದ್ಧದ ಹಿಂದಿನ ದಿನ, 1746ರ ಏಪ್ರಿಲ್ 15ರಂದು, ತಂದೆ ಮಗ ಇಬ್ಬರೂ ಸೆರೆಸಿಕ್ಕರು. ಆಸ್ತಿ ಜಪ್ತಿಯಾಯಿತು. ಕ್ಷಮೆ ಸಿಕ್ಕ ಮಗ ಸ್ವೀಡನ್ ಸೈನ್ಯದಲ್ಲಿ ವರ್ಷಗಟ್ಟಲೆ ದುಡಿದು, 1777ರ ಹೊತ್ತಿಗೆ ಹಿಂದಿರುಗಿ, ಬ್ರಿಟಿಷ್ ರಾಜನಿಗಾಗಿ ಹೈಲ್ಯಾಂಡ್ ರೆಜಿಮೆಂಟ್ ಒಂದನ್ನು ಕಟ್ಟಿದ. ಅದರ ಮೊದಲ ದಳ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿಯಿತು. ಅದೇ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ಪಡೆಯನ್ನು ನುಚ್ಚುನೂರು ಮಾಡಿದಾಗ, ಈ ರೆಜಿಮೆಂಟಿನ ಎರಡು ಕಂಪನಿಗಳು ಆ ಪಡೆಯಲ್ಲಿದ್ದವು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಚಿತ್ರಿಸಿರುವುದು ಇದೇ ಯುದ್ಧ. ಅಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣದ ಬಂದೀಖಾನೆ ಕಂಡ ಡೇವಿಡ್ ಬೇರ್ಡ್, 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆ ಹಾಕಿದ ಪಡೆಯ ನಾಯಕ, ಈ ರೆಜಿಮೆಂಟಿನ ಕ್ಯಾಪ್ಟನ್ ಆಗಿದ್ದವನು. ಲಾರ್ಡ್ ಮೆಕ್ಲೌಡ್‌ಗೆ ಮನೆತನದ ಆಸ್ತಿ ಮರಳಿ ಸಿಕ್ಕಿದ್ದು 1784ರಲ್ಲಿ. ಸ್ಥಳೀಯ ಗೈಡ್‌ಗಳು ಈ ಕಥೆಯ ಸ್ಕಾಟ್ಲೆಂಡ್ ಭಾಗವನ್ನು ಚೆನ್ನಾಗಿ ಬಲ್ಲರು. ನಮ್ಮ ಕಡೆಯ ಭಾಗವನ್ನು ನೀವು ಹೇಳಿದರೆ ಮಾತು ಎರಡೂ ಕಡೆಯಿಂದ ಬೆಳೆಯುತ್ತದೆ.

ಸ್ಟ್ರಾತ್‌ಪೆಫರ್‌ನಲ್ಲೇ ಊಟ ಮುಗಿಸಿ. ಸಣ್ಣ ಊರುಗಳ ಅಡುಗೆಮನೆಗಳು ಮಧ್ಯಾಹ್ನ ಎರಡರ ಹೊತ್ತಿಗೆ ಮುಚ್ಚುವುದುಂಟು. ಸಸ್ಯಾಹಾರಿಗಳು ಒಂದು ವಿಷಯ ಗಮನಿಸಿ: ಮೆನುವಿನ ಬೇಳೆ ಸೂಪನ್ನು ಅಲ್ಲಿನ ಹಳೆಯ ಪದ್ಧತಿಯಲ್ಲಿ ಹಂದಿಮಾಂಸದ ನೀರಿನಲ್ಲಿ ಕುದಿಸುತ್ತಾರೆ. ಬೇಳೆಯದ್ದಲ್ಲವೇ ಎಂದು ತರಿಸಿಕೊಳ್ಳಬೇಡಿ, ಕೇಳಿ ತರಿಸಿಕೊಳ್ಳಿ. ಊಟವಾದ ಮೇಲೆ ಊರಿನಿಂದ ಕೆಲವೇ ನಿಮಿಷ ನಡೆದರೆ ಹದ್ದಿನ ಚಿತ್ರ ಕೆತ್ತಿದ ಕಲ್ಲು ಇದೆ, ಇಲ್ಲಿನ ಪ್ರಾಚೀನ ಪಿಕ್ಟ್ ಜನರದ್ದು. ಅದು ಮೂರು ಸಲ ಬಿದ್ದರೆ ಕಡಲ ನೀರು ಇಲ್ಲಿಯವರೆಗೆ ಬಂದು ಹಡಗುಗಳನ್ನು ಅದಕ್ಕೆ ಕಟ್ಟುತ್ತಾರೆಂಬುದು ಇಲ್ಲಿನ ದಂತಕಥೆಯ ಭವಿಷ್ಯಗಾರ ಬ್ರಾಹನ್ ಕಾಲಜ್ಞಾನಿಯ ಮಾತು. ಎರಡು ಸಲ ಬಿದ್ದಾಗಿದೆಯಂತೆ. ಈಗ ಕಾಂಕ್ರೀಟ್ ಹಾಕಿ ನಿಲ್ಲಿಸಿದ್ದಾರೆ.

ಮಧ್ಯಾಹ್ನ ಮೇರಿಬರ್ಗ್, ಟೋರ್ ಮಾರ್ಗವಾಗಿ ಬ್ಲ್ಯಾಕ್ ಐಲ್‌ಗೆ. ಹೆಸರಿನಲ್ಲಿ ದ್ವೀಪವಿದ್ದರೂ ಅದು ಮೂರು ಕಡೆ ನೀರಿರುವ ನೆಲ, ದೋಣಿ ಬೇಕಿಲ್ಲ. ದಾರಿಯಲ್ಲಿ ಸಿಗುವ ಬ್ರಾಹನ್, ಕುಲದ ಹಿರಿಯ ಶಾಖೆಯಾದ ಸೀಫೋರ್ತ್ ಅರ್ಲ್‌ಗಳ ಕೋಟೆಯಿದ್ದ ಜಾಗ. ಕೋಟೆಯನ್ನು 1950ರ ದಶಕದಲ್ಲಿ ಕೆಡವಿದರು, ಎಸ್ಟೇಟ್ ಖಾಸಗಿ. ಇಲ್ಲಿ ಇಳಿಯದೆ ಮುಂದೆ ಹೋಗಿ. ಫೋರ್ಟ್ರೋಸ್‌ಗೆ ಮುಂಚೆ ಏವಕ್ ಎಂದು ಬರೆದು ‘ಆಖ್’ ಎಂದು ಕರೆಯುವ ಕಡಲೂರಿನ ಚರ್ಚ್ ಅಂಗಳದಲ್ಲಿ ಅಲೆಕ್ಸಾಂಡರ್ ಮೆಕೆಂಜಿಯ ಸಮಾಧಿ ಇದೆ. ಕೆನಡಾದಲ್ಲಿ 1789ರಲ್ಲಿ ಆರ್ಕ್ಟಿಕ್ ಸಾಗರವನ್ನೂ 1793ರಲ್ಲಿ ಪೆಸಿಫಿಕ್ಕನ್ನೂ ನೆಲದ ಮಾರ್ಗವಾಗಿ ಮುಟ್ಟಿದವನು ಅವನು. ಕಾಲಿನ್‌ನಂತೆ ಅವನೂ ಸ್ಟಾರ್ನೊವೇ ಕಡೆಯವನು. ಕಾಲು ಗಂಟೆ ಸಾಕು.

ಫೋರ್ಟ್ರೋಸ್ ಕೆಥೀಡ್ರಲ್‌ನಲ್ಲಿ ಈಗ ನಿಂತಿರುವುದು ಕೆಂಪು ಮರಳುಗಲ್ಲಿನ ದಕ್ಷಿಣದ ಪಡಸಾಲೆ ಮತ್ತು ಪಕ್ಕದ ಒಂದು ಕಟ್ಟಡ. ಉಳಿದ ಕಲ್ಲನ್ನು ಕ್ರಾಮ್‌ವೆಲ್ ಇನ್ವರ್ನೆಸ್‌ನಲ್ಲಿ ಕೋಟೆ ಕಟ್ಟಿಸಲು ಸಾಗಿಸಿದ ಎಂದು ಹೇಳುತ್ತಾರೆ. ಹುಲ್ಲಿನ ಮೇಲೆ ಪಾಯದ ಗುರುತು ನೋಡಿ ಮೂಲ ಉದ್ದ ಅಂದಾಜು ಮಾಡಬಹುದು. ಪ್ರವೇಶ ಉಚಿತ. ಒಳಗಿರುವುದು ಸೀಫೋರ್ತ್ ಮೆಕೆಂಜಿಗಳ ಸಮಾಧಿಗಳು. ಈ ಮನೆತನದ ಕೆನೆತ್ 1778ರಲ್ಲಿ ಇನ್ನೊಂದು ರೆಜಿಮೆಂಟ್ ಕಟ್ಟಿದ. ತಮ್ಮನ್ನು ಈಸ್ಟ್ ಇಂಡಿಯಾ ಕಂಪನಿಗೆ ಮಾರಿಬಿಟ್ಟಿದ್ದಾರೆಂಬ ಸುದ್ದಿ ಹಬ್ಬಿ ಅದರ ಮ್ಯಾಕ್ರೇ ಕುಲದ ಸೈನಿಕರು ಎಡಿನ್‌ಬರೋದ ಆರ್ಥರ್ಸ್ ಸೀಟ್ ಗುಡ್ಡ ಹತ್ತಿ ಕೂತರು. ಮೂರು ವರ್ಷದ ಮೇಲೆ ಹಡಗು ಹತ್ತಿದ್ದು ಭಾರತಕ್ಕೇ. ರೆಜಿಮೆಂಟ್ ಕಟ್ಟಿದ ಕೆನೆತ್ ದಾರಿಯಲ್ಲೇ 1781ರಲ್ಲಿ ಸತ್ತ, ನೂರಾರು ಸೈನಿಕರು ಸ್ಕರ್ವಿಗೆ ಬಲಿಯಾದರು. ಉಳಿದವರ ರೆಜಿಮೆಂಟ್ 72ನೆಯದೆಂದು ಸಂಖ್ಯೆ ಬದಲಿಸಿಕೊಂಡು 1791ರಲ್ಲಿ ಬೆಂಗಳೂರು ಮತ್ತು ಸಾವನದುರ್ಗದ ಮುತ್ತಿಗೆಯಲ್ಲಿತ್ತು.

ಇದೇ ಮನೆತನದ ಕೊನೆಯ ಲಾರ್ಡ್ ಸೀಫೋರ್ತ್ ಬಾಲ್ಯದ ಜ್ವರದಿಂದ ಕಿವುಡನಾದವನು. ನಾಲ್ಕು ಗಂಡುಮಕ್ಕಳನ್ನೂ ಕಳೆದುಕೊಂಡು 1815ರಲ್ಲಿ ತೀರಿಕೊಂಡ. ಬ್ರಾಹನ್ ಕಾಲಜ್ಞಾನಿ ಇದನ್ನೆಲ್ಲ ಮೊದಲೇ ನುಡಿದಿದ್ದ, ಸೀಫೋರ್ತ್ ಕೌಂಟೆಸ್ (ಅರ್ಲ್‌ನ ಹೆಂಡತಿ) ಅವನನ್ನು ಇಲ್ಲೇ ಚಾನನ್ರಿ ಪಾಯಿಂಟಿನಲ್ಲಿ ಟಾರ್ ಪೀಪಾಯಿಯಲ್ಲಿ ಸುಡಿಸಿದಳು ಎಂಬ ಕಥೆಯನ್ನು ಗೈಡ್ ಖಂಡಿತ ಹೇಳುತ್ತಾರೆ. ಕೇಳಲು ಸೊಗಸಾಗಿದೆ, ಆದರೆ ದಾಖಲೆ ಬೇರೆ. ಕಾಲಜ್ಞಾನಿಯದೆಂದು ಹೇಳುವ ಕೆನೆತ್ ಓಡರ್ ಎಂಬ ಹೆಸರು ಮಾಟದ ಆರೋಪದಲ್ಲಿ ಸಿಗುವುದು 1577ರ ಕಾಗದದಲ್ಲಿ, ಅಂದರೆ ಆ ಕೌಂಟೆಸ್‌ಗಿಂತ ಸುಮಾರು ನೂರು ವರ್ಷ ಹಿಂದೆ. ಒಳ್ಳೆಯ ಗೈಡ್ ಕಥೆಯನ್ನೂ ಹೇಳಿ ಈ ಅಂತರವನ್ನೂ ಹೇಳುತ್ತಾರೆ. ಗೈಡ್‌ನನ್ನು ಅಳೆಯಲು ಇದೇ ಸಾಕು.

ಚಾನನ್ರಿ ಪಾಯಿಂಟಿನಲ್ಲಿ ದಡದಿಂದಲೇ ಡಾಲ್ಫಿನ್ ಕಾಣುತ್ತವೆ. ಇಳಿತ ಮುಗಿದು ನೀರು ಏರತೊಡಗಿದ ಮೊದಲ ಒಂದೆರಡು ಗಂಟೆ ಅದಕ್ಕೆ ಒಳ್ಳೆಯ ಸಮಯ. ಆ ದಿನದ ಉಬ್ಬರವಿಳಿತದ ವೇಳೆ ನೋಡಿ, ಅದು ಬೆಳಿಗ್ಗೆ ಬಿದ್ದರೆ ಗೈಡ್‌ಗೆ ಹೇಳಿ ಸುತ್ತನ್ನೇ ತಿರುಗಿಸಿಕೊಳ್ಳಬಹುದು: ಮೊದಲು ಫೋರ್ಟ್ರೋಸ್, ಕೊನೆಗೆ ಬ್ಯೂಲಿ. ಅಲ್ಲಿಂದ ಇನ್ವರ್ನೆಸ್‌ಗೆ ಅರ್ಧ ಗಂಟೆ. ಐದಕ್ಕೆ ಹೋಟೆಲಿನಲ್ಲಿರುತ್ತೀರಿ.

ಇಷ್ಟು ಓದಿದ ಮೇಲೂ ಐಲೀನ್ ಡೋನನ್ ಬೇಕೇ ಬೇಕು ಎಂದರೆ ಪೂರ್ವವನ್ನು ಬಿಟ್ಟು ಪಶ್ಚಿಮಕ್ಕೆ ಹೋಗಿ, ಅದೂ ಒಳ್ಳೆಯ ದಿನವೇ. ಆದರೆ ನೋಡುತ್ತಿರುವುದು ಏನೆಂದು ತಿಳಿದಿರಲಿ. ಮೆಕೆಂಜಿಗಳ ಪರವಾಗಿ ಮ್ಯಾಕ್ರೇಗಳು ಕಾಯುತ್ತಿದ್ದ ಮೂಲ ಕೋಟೆಯನ್ನು, ಸ್ಟುವರ್ಟ್ ಪರವಾದ ಇನ್ನೊಂದು ಬಂಡಾಯದ ವೇಳೆ, 1719ರ ಮೇ ತಿಂಗಳಲ್ಲಿ ಬ್ರಿಟಿಷ್ ಯುದ್ಧನೌಕೆಗಳು ಗುಂಡು ಹಾರಿಸಿ ಹಿಡಿದು, ಒಳಗಿದ್ದ ಮದ್ದಿನಿಂದಲೇ ಸಿಡಿಸಿದವು. ಇನ್ನೂರು ವರ್ಷ ಪಾಳುಬಿದ್ದಿದ್ದ ಅದನ್ನು 1911ರಲ್ಲಿ ಕೊಂಡ ಜಾನ್ ಮ್ಯಾಕ್ರೇ-ಗಿಲ್‌ಸ್ಟ್ರಾಪ್ 1932ರ ಹೊತ್ತಿಗೆ ಮರಳಿ ಕಟ್ಟಿಸಿದ. ಕ್ಯಾಲೆಂಡರ್‌ಗಳಲ್ಲಿ ಕಾಣುವ ಸೇತುವೆಯೂ ಆಗಿನದೇ. ದಾರಿಯಲ್ಲಿ ಎ87 ರಸ್ತೆ ಗ್ಲೆನ್ ಶೀಲ್ ಕಣಿವೆಯ ಯುದ್ಧಭೂಮಿಯ ನಡುವೆಯೇ ಹೋಗುತ್ತದೆ. 1719ರ ಜೂನ್ 10ರಂದು ಸೀಫೋರ್ತ್ ಅರ್ಲ್ ಇಲ್ಲಿ ತೋಳಿಗೆ ಗಾಯ ಮಾಡಿಕೊಂಡ. ಬಂಡಾಯಗಾರರ ಜೊತೆಗೆ ಕಾದಿದ ಸ್ಪೇನ್ ಸೈನಿಕರ ನೆನಪಿಗೆ ಮೇಲಿನ ಶಿಖರವೊಂದಕ್ಕೆ ಸ್ಪೇನಿನವರ ಶಿಖರವೆಂದೇ ಹೆಸರು. ಗೈಡ್ ಬೇಕಾಗುವುದು ಕೋಟೆಗಿಂತ ಇಲ್ಲಿ: ಯಾವ ಇಳಿಜಾರಿನಲ್ಲಿ ಯಾರಿದ್ದರು ಎಂದು ಕೈತೋರಿಸಿ ಹೇಳಿದರೆ ಮಾತ್ರ ಅರ್ಥವಾಗುತ್ತದೆ. ಅದೇ ದಾರಿಯಲ್ಲಿ ಹಿಂದಿರುಗಿ. ಲಾಖ್‌ಕ್ಯಾರನ್, ಅಖ್ನಶೀನ್ ಮೂಲಕ ಸುತ್ತು ಹೊಡೆದು ಸ್ಟ್ರಾತ್‌ಪೆಫರ್ ಸೇರಿಸುವ ಆಸೆಯನ್ನು ಕೆಲವರು ಹುಟ್ಟಿಸುತ್ತಾರೆ. ಅಲ್ಲಿ ಒಂದೇ ಗಾಡಿ ಹಿಡಿಸುವ ರಸ್ತೆ ಇದೆ, ಸ್ಟ್ರೋಮ್‌ಫೆರಿ ಬಳಿ ಕಲ್ಲು ಕುಸಿದು ರಸ್ತೆ ಮುಚ್ಚುವುದೂ ಉಂಟು. ಹಿರಿಯರೊಂದಿಗೆ ಬೇಡ.

ಗೈಡ್‌ಗೆ ಬರೆಯುವಾಗ “ಮೆಕೆಂಜಿ ಟೂರ್” ಎಂದಷ್ಟೇ ಬರೆಯಬೇಡಿ. ಆ ಹೆಸರಿನಲ್ಲಿ ಟಿವಿ ಧಾರಾವಾಹಿಯ ಚಿತ್ರೀಕರಣದ ತಾಣಗಳನ್ನು ಸುತ್ತಿಸುವ ಟೂರುಗಳಿವೆ. ಬೇಕಾದ ಜಾಗಗಳ ಹೆಸರು ಬರೆದು, ಎಷ್ಟು ಗಂಟೆಗೆ ಎಷ್ಟು ಹಣ, ಕಾರು ಅವರದೇ, ಟಿಕೆಟ್ ಸೇರಿದೆಯೇ, ರದ್ದಾದರೆ ಏನು ಎಂಬುದನ್ನು ಬರಹದಲ್ಲಿ ತರಿಸಿಕೊಳ್ಳಿ. ಸ್ಕಾಟ್ಲೆಂಡಿನಲ್ಲಿ ಬ್ಲೂ ಬ್ಯಾಡ್ಜ್ ಪಡೆದ ಗೈಡ್‌ಗಳು ತರಬೇತಿ ಮತ್ತು ಪರೀಕ್ಷೆ ಮುಗಿಸಿದವರು. ನಾಲ್ಕೈದು ಜನರ ಕುಟುಂಬಕ್ಕೆ ಬಸ್ ಟೂರಿಗಿಂತ ಕಾರು ಓಡಿಸುವ ಗೈಡ್ ಲೇಸು, ಅಮ್ಮನಿಗೆ ಸುಸ್ತಾದರೆ ನಿಲ್ಲಿಸಬಹುದು.

ಹೋಗುವುದು ಮೇನಿಂದ ಸೆಪ್ಟೆಂಬರ್ ಒಳಗಿರಲಿ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆ ಕತ್ತಲು, ಈ ಪಟ್ಟಿಯ ಅರ್ಧವೂ ಆಗದು. ಬೇಸಿಗೆಯಲ್ಲಿ ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಕಚ್ಚುತ್ತದೆ, ಗಾಳಿಯಿಲ್ಲದ ಪಶ್ಚಿಮದ ಕಣಿವೆಗಳಲ್ಲಿ ಹೆಚ್ಚು. ತುಂಬುತೋಳಿನ ಬಟ್ಟೆ, ಹಚ್ಚಿಕೊಳ್ಳುವ ದ್ರವ ಇರಲಿ. ಛತ್ರಿ ಗಾಳಿಗೆ ಮಗುಚುತ್ತದೆ, ತಲೆ ಮುಚ್ಚುವ ರೇನ್‌ಕೋಟ್ ತನ್ನಿ.

ಮಳೆ ಜೋರಾಗಿದ್ದರೆ ಮಧ್ಯಾಹ್ನ ಫೋರ್ಟ್ರೋಸ್ ಬದಲು ಇನ್ವರ್ನೆಸ್ ಪೂರ್ವಕ್ಕಿರುವ ಫೋರ್ಟ್ ಜಾರ್ಜ್‌ಗೆ ಹೋಗಿ. ಒಳಗಿನ ಹೈಲ್ಯಾಂಡರ್ಸ್ ಮ್ಯೂಸಿಯಂನಲ್ಲಿ ಸೀಫೋರ್ತ್ ರೆಜಿಮೆಂಟಿನ ವಸ್ತುಗಳಿವೆ.

ಇನ್ನು ನಿಮ್ಮ ಪ್ರಶ್ನೆಯಲ್ಲಿರುವ ಕಾಲಿನ್ ಮೆಕೆಂಜಿ. ಅವನು ಹುಟ್ಟಿದ ಸ್ಟಾರ್ನೊವೇ ಲೂಯಿಸ್ ದ್ವೀಪದಲ್ಲಿದೆ, ಆಗ ಅದು ಸೀಫೋರ್ತ್‌ಗಳ ಆಸ್ತಿ. ಇನ್ವರ್ನೆಸ್‌ನಿಂದ ಅಲಾಪೂಲ್‌ಗೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ಫೆರಿಯಲ್ಲಿ ಎರಡೂವರೆ ಗಂಟೆಗೂ ಹೆಚ್ಚು. ಒಂದು ದಿನದ ಟೂರಿಗೆ ಅದನ್ನು ಯಾರಾದರೂ ಸೇರಿಸಿ ಕೊಟ್ಟರೆ ಒಪ್ಪಬೇಡಿ. ದ್ವೀಪದಲ್ಲಿ ಒಂದು ರಾತ್ರಿ ಉಳಿಯಲು ಆಗುವುದಾದರೆ ಮಾತ್ರ ಹೋಗಿ, ಫೆರಿ ಟಿಕೆಟನ್ನು ಹೋಟೆಲಿಗಿಂತ ಮೊದಲು ಮಾಡಿಸಿ.