ರಿಜಿಸ್ಟರಿನ ಸೊನ್ನೆ

ಚಳ್ಳಕೆರೆ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಲೇರಿಯಾ ಮುನ್ಸೂಚನೆಯ ನಕ್ಷೆಯಲ್ಲಿ ನಮ್ಮ ಕಂಪ್ಯೂಟರ್ ಹಸಿರು ಬಣ್ಣ ಬಳಿದಿತ್ತು. ಹಸಿರೆಂದರೆ ಮಲೇರಿಯಾ ಅಪಾಯ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನಕ್ಷೆ ತೋರಿಸಿದಾಗ ಅಲ್ಲಿನ ಆಶಾ ಕಾರ್ಯಕರ್ತೆ ನಕ್ಕರು. "ಲ್ಯಾಬ್‌ನೋರು ಹೋಗಿ ಎಂಟು ತಿಂಗ್ಳಾತು ಸಾರ್. ರಕ್ತದ ಸ್ಲೈಡ್ ನೋಡೋರೇ ಇಲ್ಲ, ಇನ್ನು ಮಲೇರಿಯಾ ಎಲ್ಲಿಂದ ಸಿಗ್ಬೇಕು?"

ಆ ನಕ್ಷೆಯ ಹಿಂದಿರುವ ಮಷೀನ್ ಲರ್ನಿಂಗ್ ಮಾಡುವುದಿಷ್ಟು: ಹಳೆಯ ವಾರಗಳ ಮಳೆ, ಉಷ್ಣಾಂಶ, ನೀರಿನ ನೆಲೆ, ರೋಗಿಗಳ ಸಂಖ್ಯೆ ಇವನ್ನೆಲ್ಲ ತಾಳೆ ಹಾಕಿ, ಮುಂದೆ ಎಲ್ಲಿ ಜ್ವರ ಏಳಬಹುದು ಎಂದು ಅಂದಾಜಿಸುವುದು. ಈ ವಾರದ ಮಳೆಗೆ ಈ ವಾರದ ಜ್ವರ ಜೋಡಿಸಿದರೆ ಲೆಕ್ಕ ತಪ್ಪುತ್ತದೆ. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು ಹತ್ತು ದಿನ ಬೇಕು. ಅದು ರೋಗಿಯನ್ನು ಕಚ್ಚಿದ ಮೇಲೆ ಮಲೇರಿಯಾದ ಪರಾವಲಂಬಿ ಜೀವಿ ಅದರ ದೇಹದಲ್ಲಿ ಬಲಿಯಲು ಇನ್ನೂ ಹತ್ತು-ಹನ್ನೆರಡು ದಿನ. ಬೇರೆಯವರಿಗೆ ಕಚ್ಚಿ ಚಳಿಜ್ವರ ಬರುವ ಹೊತ್ತಿಗೆ ಮತ್ತೆರಡು ವಾರ. ಹಾಗಾಗಿ ಐದಾರು ವಾರ ಹಿಂದಿನ ಮಳೆಯನ್ನೂ ಯಂತ್ರಕ್ಕೆ ಉಣಿಸುತ್ತೇವೆ.

ಆದರೆ ಮಳೆಯ ಅರ್ಥ ತಾಲ್ಲೂಕಿಗೊಂದು. ದಾವಣಗೆರೆ, ಹರಿಹರದ ಭದ್ರಾ ನಾಲೆಯ ಗದ್ದೆಗಳಲ್ಲಿ ಮಳೆ ಬರಲಿ ಬಿಡಲಿ ನೀರು ನಿಲ್ಲುತ್ತದೆ. ಅಲ್ಲಿ ನಾಲೆಗೆ ನೀರು ಬಿಟ್ಟ ದಿನಾಂಕವೇ ಹೆಚ್ಚು ಹೇಳುತ್ತದೆ. ಮೊಳಕಾಲ್ಮುರು, ಚಳ್ಳಕೆರೆಯಲ್ಲಿ ಉಲ್ಟಾ. ನಲ್ಲಿ ವಾರಕ್ಕೊಮ್ಮೆ ಬಂದರೆ ಮನೆಮನೆಯಲ್ಲೂ ಡ್ರಮ್ಮು, ತೊಟ್ಟಿ ತುಂಬಿಡುತ್ತಾರೆ. ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆಗೆ ಇಂಥ ಶುದ್ಧ ನೀರೇ ಇಷ್ಟ. ಬರಗಾಲವೂ ಸೊಳ್ಳೆ ಸಾಕಬಲ್ಲದು ಅನ್ನುವುದನ್ನು ಮಳೆಮಾಪನದ ಅಂಕಿಯೊಂದೇ ಹೇಳಲಾರದು.

ನಾವು ಬಳಸಿದ್ದು ರ‍್ಯಾಂಡಮ್ ಫಾರೆಸ್ಟ್. ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಾ ಉತ್ತರಕ್ಕೆ ಬರುವ ನೂರಾರು ನಿರ್ಣಯ ವೃಕ್ಷಗಳ ಉತ್ತರಗಳ ಸರಾಸರಿ ತೆಗೆಯುವ ವಿಧಾನ. ಇದಕ್ಕೊಂದು ಮಿತಿಯಿದೆ: ಕಲಿತ ಅಂಕಿಗಳ ಗಡಿ ದಾಟಿ ಯೋಚಿಸದು. ಹಿರಿಯೂರು ಬಳಿಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಅದಕ್ಕೂ ಹಿಂದಿನ ಹತ್ತು ವರ್ಷದ ದಾಖಲೆಯಷ್ಟೇ ಓದಿದ ಯಂತ್ರಕ್ಕೆ ಅಂಥ ನೀರು ಹೇಗೆ ಗೊತ್ತಿರಬೇಕು?

"ನಮ್ಮ ಮಾದರಿ ಶೇ 99 ನಿಖರ" ಎಂದು ಯಾರಾದರೂ ಬೀಗಿದರೆ ನನಗೆ ಅನುಮಾನ. ಸಾವಿರ ವಾರಗಳಲ್ಲಿ ಹತ್ತರಲ್ಲಷ್ಟೇ ಮಲೇರಿಯಾ ಇದ್ದರೆ, ಕಣ್ಣು ಮುಚ್ಚಿ "ಇಲ್ಲ, ಇಲ್ಲ" ಎನ್ನುತ್ತಾ ಹೋದರೂ ಶೇ 99 ಸಿಗುತ್ತದೆ. ಆ ಹತ್ತರಲ್ಲಿ ಎಷ್ಟನ್ನು ಹಿಡಿದಿರಿ ಅಂತ ಕೇಳಬೇಕು.

ವಿಳಾಸದ ತೊಡಕು ಬೇರೆ. ಮಂಗಳೂರಿಗೆ ಗಾರೆ ಕೆಲಸಕ್ಕೆ ಹೋದವನಿಗೆ ಸೊಳ್ಳೆ ಕಚ್ಚಿದ್ದು ಅಲ್ಲಿ, ಜ್ವರ ಬಂದದ್ದು ಹಬ್ಬಕ್ಕೆ ಊರಿಗೆ ಬಂದಾಗ. ವೈವ್ಯಾಕ್ಸ್ ಬಗೆಯ ಮಲೇರಿಯಾ ಆದರಂತೂ ಪರಾವಲಂಬಿ ಪಿತ್ತಜನಕಾಂಗದಲ್ಲಿ ಅಡಗಿದ್ದು ತಿಂಗಳುಗಟ್ಟಲೆ ಕಳೆದು ಮತ್ತೆ ಕಾಡಬಹುದು. ಹಾಗೆ ಅಡಗಿದ್ದನ್ನು ಕೊಲ್ಲುವ 14 ದಿನದ ಪ್ರೈಮಾಕ್ವಿನ್ ಮಾತ್ರೆಯನ್ನು ನಾಲ್ಕೇ ದಿನಕ್ಕೆ ಬಿಟ್ಟವರು ಎಷ್ಟೋ. ಆ ಜ್ವರವನ್ನು ಕಂಪ್ಯೂಟರ್ ಊರಿನ ಕೆರೆಯ ತಲೆಗೆ ಕಟ್ಟುತ್ತದೆ.

ಚಳ್ಳಕೆರೆಯಿಂದ ಬಂದ ಮೇಲೆ ಪರೀಕ್ಷೆಯಾದ ಸ್ಲೈಡುಗಳ ಸಂಖ್ಯೆಯನ್ನೂ ಸೇರಿಸಿದೆವು. ಸ್ಲೈಡೇ ಇಲ್ಲದ ವಾರಕ್ಕೆ ಸೊನ್ನೆ ಹಾಕದೆ ಖಾಲಿ ಬಿಟ್ಟೆವು. ಮುಂದಿನ ನಕ್ಷೆಯಲ್ಲಿ ಆ ಕೇಂದ್ರ ಬೂದು, ಅಂದರೆ ಮಾಹಿತಿಯೇ ಇಲ್ಲ. ಸಭೆಯಲ್ಲಿ ಅಧಿಕಾರಿಯೊಬ್ಬರು ಸಿಡಿಮಿಡಿಗೊಂಡರು, "ಇದೇನ್ರೀ, ಇದಕ್ಕೆ ಬಣ್ಣಾನೇ ಹಾಕಿಲ್ಲ?"

ಕಾರಣ ಹೇಳಿದೆ. ಈಗ ಪಕ್ಕದ ಕೇಂದ್ರದ ಟೆಕ್ನಿಷಿಯನ್ ವಾರಕ್ಕೆರಡು ದಿನ ಅಲ್ಲಿಗೆ ಹೋಗುತ್ತಿದ್ದಾರೆ.