ಜೀಪ್ನಿಯ ಲೆಕ್ಕಾಚಾರ

ಫಿಲಿಪ್ಪೀನ್ಸ್‌ನ ರಾಜಧಾನಿ ಮನಿಲಾದಲ್ಲಿ ಜನರನ್ನು ಒಯ್ಯುವ, ಉದ್ದ ಮಾಡಿದ ಜೀಪಿನಂಥ ವಾಹನವೇ ಜೀಪ್ನಿ; ಅದರಲ್ಲಿ ಸಾಮಾನ್ಯವಾಗಿ ಕಂಡಕ್ಟರ್ ಇರುವುದಿಲ್ಲ. ಹಿಂಬಾಗಿಲಿನ ಬಳಿ ಕುಳಿತವರು 'ಬಾಯದ್ ಪೊ' ಎಂದು ಹೇಳಿ ನಾಣ್ಯಗಳನ್ನು ಪಕ್ಕದವರ ಅಂಗೈಗೆ ಹಾಕಿದರೆ, ಅದು ಐದಾರು ಅಪರಿಚಿತ ಕೈಗಳನ್ನು ದಾಟಿ ಚಾಲಕನನ್ನು ತಲುಪುತ್ತದೆ. ಉಳಿದ ಚಿಲ್ಲರೆ ಅದೇ ಕೈಗಳ ಮೂಲಕ ಹಿಂದಕ್ಕೆ ಬರುತ್ತದೆ. 'ಬಾಯದ್' ಎಂದರೆ ಸಲ್ಲಿಸುವ ಹಣ, 'ಪೊ' ಎಂಬುದು ನಮ್ಮ 'ರೀ'ಗೆ ಹತ್ತಿರವಾದ ಗೌರವಸೂಚಕ. ಚಾಲಕ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಉದ್ದುದ್ದ ಮಡಚಿದ ನೋಟುಗಳನ್ನು ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು, ಇನ್ನೊಂದು ಕೈಯಿಂದ ಎದುರಿನ ಚಿಕ್ಕ ಪೆಟ್ಟಿಗೆಯ ನಾಣ್ಯಗಳನ್ನು ಎಣಿಸುತ್ತಾನೆ. ಇಳಿಯಬೇಕಾದವರು 'ಪಾರಾ ಪೊ' ಎನ್ನುತ್ತಾರೆ, ಅಥವಾ ಮಾಡಿನ ಕಂಬಿಯನ್ನು ನಾಣ್ಯದಿಂದ ಟಕಟಕ ಬಡಿಯುತ್ತಾರೆ. ಗಾಡಿ ಇದ್ದಲ್ಲೇ ನಿಲ್ಲುತ್ತದೆ.

ಈ ಒಂದು ದೃಶ್ಯದಲ್ಲಿ ಜೀಪ್ನಿಯ ಒಳಿತೂ ಕೆಡುಕೂ ಒಟ್ಟಿಗೇ ಕಾಣಿಸುತ್ತವೆ. ಕಂಡಕ್ಟರ್‌ನ ಸಂಬಳವಿಲ್ಲದ್ದರಿಂದ ಪ್ರಯಾಣ ಅಗ್ಗವಾಗುತ್ತದೆ. ಆದರೆ ನೂರಾರು ವಾಹನಗಳ ನಡುವೆ ಗಾಡಿ ಓಡಿಸುವವನೇ ಹಣವನ್ನೂ ಎಣಿಸಬೇಕಾಗುತ್ತದೆ. ಕೈಬೀಸಿದಲ್ಲಿ ಹತ್ತುವ ಅನುಕೂಲ ಪ್ರಯಾಣಿಕನದು, ಅದರ ಬೆಲೆಯನ್ನು ತೆರುವವರು ಹಿಂದೆ ಬರುವ ವಾಹನಗಳವರು. ಜೀಪ್ನಿಯನ್ನು ಹೊಗಳುವವರೂ ತೆಗಳುವವರೂ ಬಹುಮಟ್ಟಿಗೆ ಗಾಡಿಯ ಬಗ್ಗೆಯೇ ಮಾತನಾಡುತ್ತಾರೆ. ನನಗೆ ತೋರುವಂತೆ, ಅದರ ಹೊಗೆಯೊಂದು ಮಾತ್ರ ನಿಜವಾಗಿ ಗಾಡಿಯ ದೋಷ. ಉಳಿದ ಗುಣದೋಷಗಳಲ್ಲಿ ಹೆಚ್ಚಿನವು ಚಾಲಕನ ದಿನದ ಸಂಪಾದನೆಯ ಲೆಕ್ಕದಿಂದ ಹುಟ್ಟಿದವು.

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿಯುವ ಹೊತ್ತಿಗೆ ಮನಿಲಾ ನಗರ ಪುಡಿಪುಡಿಯಾಗಿತ್ತು. ಯುದ್ಧಕ್ಕೆ ಮುಂಚೆ ಅಲ್ಲಿ ಓಡುತ್ತಿದ್ದ, 'ಟ್ರಾನ್ವಿಯಾ' ಎಂದು ಕರೆಯಲಾಗುತ್ತಿದ್ದ ವಿದ್ಯುತ್ ಟ್ರಾಮ್ ವ್ಯವಸ್ಥೆಯೂ ನಾಶವಾಗಿತ್ತು. ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳು ಮಾತ್ರ ಹೇರಳವಾಗಿದ್ದವು. ಸ್ಥಳೀಯ ಕುಶಲಕರ್ಮಿಗಳು ಅವುಗಳ ಚಾಸಿಯನ್ನು ಉದ್ದ ಮಾಡಿ, ಮೇಲೊಂದು ಮಾಡು ಹೊದಿಸಿ, ಹಿಂದೆ ಎದುರುಬದುರಾಗಿ ಎರಡು ಉದ್ದನೆಯ ಬೆಂಚುಗಳನ್ನು ಕೂರಿಸಿದರು. ಜೀಪ್ ಮತ್ತು ಜಿಟ್ನಿ ಎಂಬ ಎರಡು ಪದಗಳು ಕೂಡಿ ಜೀಪ್ನಿ ಆಯಿತೆಂಬುದು ಸಾಮಾನ್ಯ ನಂಬಿಕೆ; ಜಿಟ್ನಿ ಎಂದರೆ ಕಡಿಮೆ ದರದಲ್ಲಿ ಹಲವರನ್ನು ಒಟ್ಟಿಗೆ ಒಯ್ಯುವ ಬಾಡಿಗೆ ಕಾರು. 1953ರಲ್ಲಿ ಲಾಸ್ ಪಿನ್ಯಾಸ್‌ನಲ್ಲಿ ಲಿಯೊನಾರ್ಡೊ ಸರಾವೊ ಅವರು ಆರಂಭಿಸಿದ ಸರಾವೊ ಮೋಟರ್ಸ್ ಈ ಗಾಡಿಗಳನ್ನು ಕಟ್ಟುವುದರಲ್ಲಿ ಹೆಸರುವಾಸಿಯಾಯಿತು. ಸೈನ್ಯದ ಜೀಪುಗಳು ಸವೆದು ಮುಗಿದ ಮೇಲೆ, ಜಪಾನಿನಿಂದ ಬರುವ ಬಳಸಿದ ಡೀಸೆಲ್ ಎಂಜಿನ್‌ಗಳನ್ನು ತಂದು, ಸ್ಥಳೀಯವಾಗಿಯೇ ತಗಡು ಬಡಿದು ಮೈ ಕಟ್ಟುವ ಪದ್ಧತಿ ಬೇರೂರಿತು. ಆ ಮೈಯ ಮೇಲೆ ಸಂತರ ಚಿತ್ರ, ಕುದುರೆ, ಮಕ್ಕಳ ಹೆಸರು, ಊರಿನ ಹೆಸರು ಎಲ್ಲವೂ ಬಂದವು. 'ಕಾತಾಸ್ ನಾಂಗ್ ಸೌದಿ', ಅಂದರೆ ಸೌದಿಯ ದುಡಿಮೆಯಿಂದ ಹಿಂಡಿ ತೆಗೆದ ರಸ, ಎಂದು ಬರೆಸಿಕೊಂಡ ಗಾಡಿಗಳೂ ಇವೆ. ಗಲ್ಫಿನ ಹಣ ಮನೆಯ ಅಂಗಳಕ್ಕೆ ಹೇಗೆ ಬರುತ್ತದೆಂಬುದನ್ನು ನಮ್ಮ ಕರಾವಳಿಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಜೀಪ್ನಿಗೆ ಗೊತ್ತುಪಡಿಸಿದ ಮಾರ್ಗವಿದೆ, ಆದರೆ ವೇಳಾಪಟ್ಟಿಯಿಲ್ಲ. ಕಿಯಾಪೊ, ಕುಬಾವೊ, ಬಾಕ್ಲಾರಾನ್ ಎಂದು ಮುಂದಿನ ಗಾಜಿನ ಮೇಲೂ ಪಕ್ಕದ ತಗಡಿನ ಮೇಲೂ ಬರೆದಿರುತ್ತದೆ. ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ದಿಲಿಮಾನ್ ಆವರಣವನ್ನು ಸುತ್ತುವ ಜೀಪ್ನಿಗೆ 'ಇಕೊಟ್' ಎಂದು ಹೆಸರು, ಸುತ್ತು ಎಂದು ಅದರ ಅರ್ಥ. ಅದೇ ಆವರಣದಲ್ಲಿ ಎದುರು ದಿಕ್ಕಿನಿಂದ ಸುತ್ತುವ ಗಾಡಿಗೆ ಆ ಹೆಸರನ್ನೇ ತಿರುಗಿಸಿ 'ಟೊಕಿ' ಎಂದಿಟ್ಟಿದ್ದಾರೆ.

ವೇಳಾಪಟ್ಟಿಯಿಲ್ಲದಿದ್ದರೂ ಜನ ಇದನ್ನು ನೆಚ್ಚಿಕೊಳ್ಳಲು ಕಾರಣವೇನೆಂಬುದಕ್ಕೆ ಒಂದು ಸರಳ ಗಣಿತವಿದೆ. ಒಂದು ಮಾರ್ಗದಲ್ಲಿ ಮಧ್ಯಾಹ್ನದ ಹೊತ್ತು ಗಂಟೆಗೆ 180 ಪ್ರಯಾಣಿಕರಿದ್ದಾರೆ ಎಂದುಕೊಳ್ಳೋಣ. 60 ಜನರನ್ನು ಹೊರುವ ಬಸ್ಸುಗಳಾದರೆ ಗಂಟೆಗೆ 3 ಸಾಕು. ಅವು 20 ನಿಮಿಷಕ್ಕೊಂದರಂತೆ ಬಂದರೆ, ಸಮಯ ನೋಡದೆ ರಸ್ತೆಗೆ ಬಂದವನು ಸರಾಸರಿ 10 ನಿಮಿಷ ಕಾಯಬೇಕಾಗುತ್ತದೆ. 18 ಜನರ ಜೀಪ್ನಿಗಳಾದರೆ ಗಂಟೆಗೆ 10 ಬೇಕು, 6 ನಿಮಿಷಕ್ಕೊಂದು ಬರುತ್ತದೆ, ಕಾಯುವ ಸಮಯ ಸರಾಸರಿ 3 ನಿಮಿಷಕ್ಕೆ ಇಳಿಯುತ್ತದೆ. ವಾಹನ ಚಿಕ್ಕದಾದಷ್ಟೂ ಅದೇ ಜನಸಂಖ್ಯೆಗೆ ಹೆಚ್ಚು ವಾಹನ ಬೇಕಾಗುತ್ತದೆ, ಕಾಯುವಿಕೆ ಕಡಿಮೆಯಾಗುತ್ತದೆ. ಜನದಟ್ಟಣೆ ವಿರಳವಾಗಿರುವ ಮಾರ್ಗಗಳಲ್ಲಿ ಈ ವ್ಯತ್ಯಾಸ ದೊಡ್ಡದು. ಗಂಟೆಗೆ ಸಾವಿರಾರು ಜನ ಓಡಾಡುವ ಹೆದ್ದಾರಿಯಲ್ಲಿ ಅದು ಕೆಲವು ಸೆಕೆಂಡುಗಳ ಮಾತಾಗುವುದರಿಂದ, ಅಲ್ಲಿ ದೊಡ್ಡ ಬಸ್ಸು ಮತ್ತು ರೈಲುಗಳೇ ಲೇಸು. ಜೀಪ್ನಿಯ ಸಹಜ ನೆಲೆ ಬಸ್ಸು ನುಗ್ಗಲಾರದ, ನಡೆದರೆ ದೂರವೆನಿಸುವ ಒಳರಸ್ತೆಗಳು.

ರಸ್ತೆಯ ಜಾಗದ ಲೆಕ್ಕದಲ್ಲೂ ಅದು ಸೋಲುವುದಿಲ್ಲ. ಸುಮಾರು ಒಂದೂವರೆ ಕಾರಿನ ಉದ್ದದಲ್ಲಿ ಹತ್ತಿಪ್ಪತ್ತು ಜನರನ್ನು ಹೊರುವ ವಾಹನವನ್ನು, ಒಬ್ಬರೋ ಇಬ್ಬರೋ ಕುಳಿತ ಕಾರಿನಿಂದ ಇಳಿದವರು ಸಂಚಾರ ದಟ್ಟಣೆಯ ಮೂಲವೆಂದು ದೂರುವುದು ಅಷ್ಟು ಸರಿಯಲ್ಲ. ಆದರೆ ಆ ದೂರಿನಲ್ಲಿ ಅರ್ಧ ಸತ್ಯವಿದೆ. ಜೀಪ್ನಿ ಆಕ್ರಮಿಸುವ ಜಾಗಕ್ಕಿಂತ ಅದು ನಿಲ್ಲುವ ರೀತಿಯೇ ತೊಂದರೆಯ ಮೂಲ. ತುಂಬಿ ಹರಿಯುವ ರಸ್ತೆಯಲ್ಲಿ ಒಂದು ವಾಹನ ಅಂಚಿಗೆ ಸರಿಯದೆ ಹತ್ತು ಸೆಕೆಂಡು ನಿಂತರೆ ಹಿಂದಿನದು ಬ್ರೇಕ್ ಹಾಕುತ್ತದೆ, ಅದರ ಹಿಂದಿನದು ಇನ್ನೂ ತುಸು ಜೋರಾಗಿ ಹಾಕುತ್ತದೆ, ಹೀಗೆ ತಡೆಯ ಅಲೆಯೊಂದು ಸಂಚಾರದ ವಿರುದ್ಧ ದಿಕ್ಕಿನಲ್ಲಿ ಹಿಂದಕ್ಕೆ ಸಾಗುತ್ತದೆ. ಜೀಪ್ನಿ ಹೊರಟುಹೋದ ಮೇಲೂ ಅಲೆ ಉಳಿದಿರುತ್ತದೆ. ನೂರಾರು ಮೀಟರ್ ಹಿಂದೆ ನಿಂತವನಿಗೆ ತಾನು ಏಕೆ ನಿಂತೆನೆಂಬುದೇ ತಿಳಿಯುವುದಿಲ್ಲ.

ಚಾಲಕ ಏಕೆ ಹಾಗೆ ನಿಲ್ಲಿಸುತ್ತಾನೆ? ಇಲ್ಲಿ 'ಬೌಂಡರಿ' ಎಂಬ ಪದ್ಧತಿಯನ್ನು ತಿಳಿಯಬೇಕು. ಬಹಳಷ್ಟು ಚಾಲಕರು ಗಾಡಿಯ ಮಾಲೀಕರಲ್ಲ. ಅವರು ಮಾಲೀಕನಿಗೆ ದಿನಕ್ಕೆ ಇಂತಿಷ್ಟೆಂದು ನಿಗದಿಯಾದ ಹಣ ಕೊಡಬೇಕು, ಡೀಸೆಲ್ಲಿನ ಖರ್ಚನ್ನು ತಾವೇ ನೋಡಿಕೊಳ್ಳಬೇಕು. ಇವೆರಡೂ ಕಳೆದು ಮಿಕ್ಕಿದ್ದು ಅವರ ದುಡಿಮೆ. ಬಾಡಿಗೆ ಆಟೊ ಓಡಿಸುವ ನಮ್ಮ ಚಾಲಕರಿಗೂ ಈ ಲೆಕ್ಕ ಹೊಸತಲ್ಲ. ಈ ಕರಾರಿನಲ್ಲಿ ಮಾಲೀಕನ ಆದಾಯ ಖಚಿತ, ಅಪಾಯವೆಲ್ಲ ಚಾಲಕನದು. ಬೆಳಗಿನ ಮೊದಲ ಕೆಲವು ಗಂಟೆಗಳ ಗಳಿಕೆ ಬೌಂಡರಿಗೂ ಎಣ್ಣೆಗೂ ಹೋಗುತ್ತದೆ. ಆಮೇಲೆ ಹತ್ತುವ ಪ್ರತಿಯೊಬ್ಬ ಪ್ರಯಾಣಿಕನೂ ಮನೆಗೆ ಒಯ್ಯುವ ಅಕ್ಕಿಯ ಪಾಲು. ಆದ್ದರಿಂದ ನಿಲ್ದಾಣದಲ್ಲಿ ಗಾಡಿ ತುಂಬುವವರೆಗೆ ಅದು ಕದಲುವುದಿಲ್ಲ. ಕೂಗಿ ಜನ ಸೇರಿಸುವವನು 'ಇನ್ನೊಬ್ಬರು ಹಿಡಿಸುತ್ತಾರೆ' ಎನ್ನುತ್ತಲೇ ಇರುತ್ತಾನೆ, ಬೆಂಚಿನ ಮೇಲಿನವರು ಇನ್ನಷ್ಟು ಒತ್ತರಿಸಿ ಕೂರುತ್ತಾರೆ. ರಸ್ತೆಗಿಳಿದ ಮೇಲೆ, ಮುಂದಿನ ತಿರುವಿನ ಪ್ರಯಾಣಿಕನನ್ನು ಅದೇ ಮಾರ್ಗದ ಇನ್ನೊಂದು ಜೀಪ್ನಿ ಎತ್ತಿಕೊಳ್ಳುವ ಮುನ್ನ ತಾನು ತಲುಪಬೇಕು, ಕೈಬೀಸಿದವನನ್ನು ಮೂರನೆಯ ಸಾಲಿನಿಂದಾದರೂ ಅಡ್ಡ ಬಂದು ಹತ್ತಿಸಿಕೊಳ್ಳಬೇಕು. ಈ ನಡತೆಯನ್ನು ಚಾಲಕನ ಅಶಿಸ್ತು ಎನ್ನುವುದು ಸುಲಭ. ಆದರೆ ಅದೇ ಕರಾರಿನಲ್ಲಿ ಅತಿ ಶಿಸ್ತಿನ ಮನುಷ್ಯನನ್ನು ಕೂರಿಸಿದರೂ ವಾರದೊಳಗೆ ಅವನೂ ಹೀಗೆಯೇ ಓಡಿಸಬೇಕಾಗುತ್ತದೆ.

ಇದೇ ಕರಾರು ಪ್ರಯಾಣಿಕನಿಗೆ ಅನುಕೂಲವನ್ನೂ ತಂದಿದೆ ಎಂಬುದನ್ನು ಮರೆಯುವಂತಿಲ್ಲ. ಜನ ಎಲ್ಲಿದ್ದಾರೋ ಅಲ್ಲಿಗೆ ಗಾಡಿ ಬರುತ್ತದೆ, ಬೆಳಗಿನ ಜಾವದಲ್ಲೂ ತಡರಾತ್ರಿಯಲ್ಲೂ ಬರುತ್ತದೆ, ಸರ್ಕಾರದ ಬೊಕ್ಕಸದಿಂದ ದಿನನಿತ್ಯದ ಓಡಾಟಕ್ಕೆ ಹಣ ಕೇಳದೆ ಬರುತ್ತದೆ. 2023ರ ಅಕ್ಟೋಬರ್‌ನಲ್ಲಿ ನಿಗದಿಯಾದ ಕನಿಷ್ಠ ದರ ಹಳೆಯ ಮಾದರಿಗೆ 13 ಪೆಸೊ, ಹೊಸ ಮಾದರಿಗೆ 15 ಪೆಸೊ. ಅಷ್ಟಕ್ಕೆ ಮೊದಲ 4 ಕಿಲೋಮೀಟರ್ ಹೋಗಬಹುದಿತ್ತು.

ಒಳಗಿನ ಪ್ರಯಾಣ ಮಾತ್ರ ಸುಖದ್ದಲ್ಲ. ಮಾಡು ತಗ್ಗಾಗಿರುವುದರಿಂದ ಬಗ್ಗಿಕೊಂಡೇ ಒಳಹೋಗಬೇಕು. ಮಂಡಿನೋವಿನ ಹಿರಿಯರಿಗೆ ಹಿಂಬಾಗಿಲಿನ ಮೆಟ್ಟಿಲೇ ದೊಡ್ಡ ಪರೀಕ್ಷೆ, ಗಾಲಿಕುರ್ಚಿಯವರಿಗೆ ಅದು ಮುಚ್ಚಿದ ಬಾಗಿಲು. ಪಕ್ಕಕ್ಕೆ ಮುಖಮಾಡಿ ಕುಳಿತವರಿಗೆ ಬ್ರೇಕ್ ಬಿದ್ದಾಗ ಬೆನ್ನಿನ ಆಸರೆಯೂ ಇಲ್ಲ, ಕಾಲೂರಿ ತಡೆಯುವ ಅನುಕೂಲವೂ ಇಲ್ಲ. ಗಾಡಿಯ ವೇಗ ಕುಗ್ಗಿದರೂ ದೇಹಗಳು ಮೊದಲಿನ ವೇಗದಲ್ಲೇ ಮುಂದೆ ಸಾಗಬಯಸುತ್ತವೆ, ಪ್ರತಿಯೊಬ್ಬರೂ ತಮ್ಮ ಪಕ್ಕದವರನ್ನು ಒತ್ತುತ್ತಾರೆ, ಒಂಬತ್ತು ಜನರ ಒತ್ತಡ ಕೂಡಿಕೊಂಡು ಚಾಲಕನ ಬೆನ್ನ ಹಿಂದಿನವರ ಭುಜಕ್ಕೆ ಬೀಳುತ್ತದೆ. ಮಾಡಿನ ಕಂಬಿ ಇರುವುದು ಅದಕ್ಕಾಗಿಯೇ. ಗಾಜಿಲ್ಲದ ಅಗಲ ಕಿಟಕಿಗಳಿಂದ ಮಳೆ ಬಂದರೆ ಪ್ಲಾಸ್ಟಿಕ್ ಪರದೆ ಇಳಿಬಿಡಬೇಕು. ಅದೇ ಕಿಟಕಿಗಳು ಗಾಳಿಯನ್ನು ಸದಾ ಬದಲಿಸುತ್ತಿರುವುದರಿಂದ, ಗಾಳಿಯ ಮೂಲಕ ಹರಡುವ ಸೋಂಕಿನ ದೃಷ್ಟಿಯಿಂದ ಮುಚ್ಚಿದ ಎ.ಸಿ. ವಾಹನಕ್ಕಿಂತ ಇದು ಮೇಲಾಗಿತ್ತು. ಆದರೂ 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಸಾರಿಗೆ ನಿಂತಾಗ, ಮರಳಿ ರಸ್ತೆಗಿಳಿಯಲು ಸಾಂಪ್ರದಾಯಿಕ ಜೀಪ್ನಿಗಳು ಇತರ ವಾಹನಗಳಿಗಿಂತ ಹೆಚ್ಚು ಕಾಲ ಕಾಯಬೇಕಾಯಿತು. ಬೀದಿಯಲ್ಲಿ ನಿಂತು ನೆರವು ಬೇಡಿದ ಚಾಲಕರನ್ನು ಮನಿಲಾ ಆ ತಿಂಗಳುಗಳಲ್ಲಿ ಕಂಡಿತು.

ಆದರೆ ಆ ಕಿಟಕಿಗಳಿಂದ ಒಳಬರುವುದು ಗಾಳಿ ಮಾತ್ರವಲ್ಲ. ಡೀಸೆಲ್ ಎಂಜಿನ್‌ನಲ್ಲಿ ಒತ್ತಡದಿಂದ ಕಾದ ಗಾಳಿಯೊಳಕ್ಕೆ ಇಂಧನವನ್ನು ತುಂತುರಾಗಿ ಚಿಮ್ಮಿಸಲಾಗುತ್ತದೆ. ತುಂತುರಿನ ಅಂಚಿನಲ್ಲಿ ಆಮ್ಲಜನಕ ಸಾಕಷ್ಟು ಸಿಗುತ್ತದೆ, ನಡುವೆ ಸಿಗುವುದಿಲ್ಲ. ಹಾಗೆ ಉಸಿರುಕಟ್ಟಿದ ಭಾಗದಲ್ಲಿ ಇಂಗಾಲ ಪೂರ್ತಿ ಉರಿಯದೆ ಮಸಿಯ ಕಣಗಳಾಗಿ ಗಟ್ಟಿಯಾಗುತ್ತದೆ. ಇಂಜೆಕ್ಟರ್‌ನ ರಂಧ್ರ ಸವೆದಿದ್ದರೆ ಹನಿಗಳು ದಪ್ಪವಾಗುತ್ತವೆ, ಗಾಳಿಯ ಫಿಲ್ಟರ್ ಕಟ್ಟಿದ್ದರೆ ಆಮ್ಲಜನಕ ಇನ್ನೂ ಕೊರತೆಯಾಗುತ್ತದೆ, ತುಂಬಿದ ಗಾಡಿಯನ್ನು ನಿಂತಲ್ಲಿಂದ ಎಳೆಯಲು ಚಾಲಕ ಆಕ್ಸಿಲರೇಟರ್ ಒತ್ತಿದಾಗ ಇಂಧನದ ಪಾಲು ಒಮ್ಮೆಲೇ ಏರುತ್ತದೆ. ಹತ್ತು ಹೆಜ್ಜೆಗೊಮ್ಮೆ ನಿಂತು ಹೊರಡುವ ಜೀಪ್ನಿಯಲ್ಲಿ ಈ ಮೂರೂ ಕೂಡಿಬರುತ್ತವೆ. ಬೌಂಡರಿಯ ಲೆಕ್ಕ ಹೊಗೆಯೊಳಕ್ಕೂ ಹೀಗೆ ಸ್ವಲ್ಪ ಕಾಲಿಡುತ್ತದೆ. ಮನಿಲಾದ ರಸ್ತೆಬದಿಯ ಕಣಗಳನ್ನು ಅಳೆದು 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ವಾಹನಗಳಲ್ಲಿ ಜೀಪ್ನಿಗಳ ಪಾಲು ಸುಮಾರು ಶೇ. 20, ಆದರೆ ಬಿಸಿಗೂ ಆವಿಯಾಗದ ಮಸಿಯಂಥ ಕಣಗಳ ತೂಕದಲ್ಲಿ ಅವುಗಳ ಪಾಲು ಶೇ. 94. ಈ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನ್‌ಗಿಂತಲೂ ಚಿಕ್ಕವು, ಮೂಗಿನ ಕೂದಲಿಗೂ ಗಂಟಲಿನ ಲೋಳೆಗೂ ಸಿಕ್ಕದೆ ಶ್ವಾಸಕೋಶದ ಆಳಕ್ಕೆ ಇಳಿಯುವಂಥವು. ಅವನ್ನು ಎಲ್ಲರಿಗಿಂತ ಹೆಚ್ಚಾಗಿ ಸೇವಿಸುವವನು, ದಿನವಿಡೀ ಮುಂದಿನ ಜೀಪ್ನಿಯ ಹೊಗೆಯ ಹಿಂದೆ ಕೂರುವ ಚಾಲಕನೇ.

ಹೀಗಿರುವಾಗ ಎಂಜಿನ್ ಬದಲಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. 2017ರಲ್ಲಿ ಫಿಲಿಪ್ಪೀನ್ಸ್ ಸರ್ಕಾರ ಸಾರ್ವಜನಿಕ ವಾಹನಗಳ ಆಧುನೀಕರಣ ಯೋಜನೆಯನ್ನು ಆರಂಭಿಸಿತು. ಯೂರೊ 4 (ಹೊಗೆಗೆ ಮಿತಿ ಹಾಕುವ ಯುರೋಪಿನ ಮಾನದಂಡ) ಮಟ್ಟದ ಅಥವಾ ವಿದ್ಯುತ್ ಚಾಲಿತ ಎಂಜಿನ್, ಪಕ್ಕದ ಬಾಗಿಲು, ನಿಲ್ಲಬಹುದಾದಷ್ಟು ಎತ್ತರ, ಕ್ಯಾಮೆರಾ, ಜಿಪಿಎಸ್, ಕಾರ್ಡಿನಿಂದ ಹಣ ಪಾವತಿ ಇವು ಹೊಸ ಗಾಡಿಯ ಲಕ್ಷಣಗಳು. ಬಿಡಿಬಿಡಿಯಾಗಿ ಪರವಾನಗಿ ಹೊಂದಿದ್ದವರು ಸಹಕಾರ ಸಂಘವಾಗಿ ಅಥವಾ ಕಂಪನಿಯಾಗಿ ಒಗ್ಗೂಡಬೇಕೆಂಬುದು ಜೊತೆಯ ಷರತ್ತು.

ಕಷ್ಟ ಬಂದದ್ದು ಬೆಲೆಯಲ್ಲಿ. ಹೊಸ ಗಾಡಿಯೊಂದಕ್ಕೆ 24 ಲಕ್ಷ ಪೆಸೊಗೂ ಮೇಲ್ಪಟ್ಟು ಬೆಲೆ. ಆರಂಭದ ಸಾಲ ಯೋಜನೆಯಲ್ಲಿ ಶೇ. 5ರಷ್ಟು ಮುಂಗಡ, ಶೇ. 6ರ ಬಡ್ಡಿ, 7 ವರ್ಷದ ಅವಧಿ, 80,000 ಪೆಸೊ ಸಹಾಯಧನ ಎಂದಿತ್ತು. ಕಾಗದ ಹಿಡಿದು ಲೆಕ್ಕ ಹಾಕಿದರೆ ಸಾಲ ಸುಮಾರು 22 ಲಕ್ಷ, ತಿಂಗಳ ಕಂತು 32,000 ಪೆಸೊ ಆಸುಪಾಸು. ತಿಂಗಳಿಗೆ 26 ದಿನ ಓಡಿಸಿದರೆ ದಿನಕ್ಕೆ 1,200ಕ್ಕೂ ಹೆಚ್ಚು. ಅಂದರೆ 15 ಪೆಸೊ ಕೊಡುವ 80ಕ್ಕೂ ಮೀರಿದ ಪ್ರಯಾಣಿಕರ ಹಣ ಬರಿಯ ಕಂತಿಗೆ ಸಲ್ಲಬೇಕು, ಎಣ್ಣೆ, ರಿಪೇರಿ, ಕೂಲಿ ಆಮೇಲಿನ ಮಾತು. ಸಹಾಯಧನವನ್ನು ಮುಂದೆ ಹೆಚ್ಚಿಸಲಾಯಿತಾದರೂ ಗಾಡಿಯ ಬೆಲೆಯ ಎದುರು ಅದು ಚಿಕ್ಕದೇ. ಹಳೆಯ ಜೀಪ್ನಿಯನ್ನು ರಸ್ತೆಬದಿಯ ವೆಲ್ಡರ್ ಸರಿಮಾಡುತ್ತಾನೆ, ಅದರ ಎಂಜಿನ್ ಒಂದು ಕಾಲದ್ದು, ಆಕ್ಸಲ್ ಇನ್ನೊಂದು ಕಾಲದ್ದು, ತಗಡು ಹೋದ ವರ್ಷದ್ದು. ಎಲೆಕ್ಟ್ರಾನಿಕ್ ನಿಯಂತ್ರಣದ ಹೊಸ ಎಂಜಿನ್ ಕೆಟ್ಟರೆ ಕಂಪನಿಯ ಸರ್ವಿಸ್ ಕೇಂದ್ರಕ್ಕೇ ಹೋಗಬೇಕು, ಅಷ್ಟು ದಿನ ಗಳಿಕೆಯಿಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ. 2023ರ ಮಾರ್ಚ್‌ನಲ್ಲಿ ವಾರದ ಮುಷ್ಕರ ಹೂಡಿದ ಚಾಲಕರ ಸಂಘಟನೆಗಳು ಸರ್ಕಾರದೊಂದಿಗಿನ ಮಾತುಕತೆಯ ನಂತರ ಎರಡೇ ದಿನಕ್ಕೆ ಅದನ್ನು ಹಿಂತೆಗೆದುಕೊಂಡವು. ಒಗ್ಗೂಡುವ ಗಡುವು ಪದೇ ಪದೇ ಮುಂದಕ್ಕೆ ಹೋಗಿ 2024ರ ಏಪ್ರಿಲ್ 30ರವರೆಗೆ ಬಂದಿತು.

ಹೊಸ ಗಾಡಿಯನ್ನು ಕೊಂಡ ಸಂಘವೊಂದು ಕಂತು ತೀರಿಸಲು ಚಾಲಕನಿಂದ ಮತ್ತೆ ದಿನದ ಇಂತಿಷ್ಟನ್ನೇ ಕೇಳಿದರೆ, ಎ.ಸಿ. ಇದ್ದರೂ ಅದು ತುಂಬುವವರೆಗೆ ಕದಲುವುದಿಲ್ಲ, ತಿರುವಿನಲ್ಲಿ ಅಡ್ಡ ನಿಲ್ಲುವುದೂ ತಪ್ಪುವುದಿಲ್ಲ. ಇದಕ್ಕೆ ಬೇರೆಯೇ ಒಂದು ದಾರಿಯನ್ನು ಕೋವಿಡ್ ಕಾಲದಲ್ಲಿ ಫಿಲಿಪ್ಪೀನ್ಸ್ ತಾನಾಗಿಯೇ ಪ್ರಯೋಗಿಸಿ ನೋಡಿತು. ಸೇವಾ ಗುತ್ತಿಗೆ ಎಂಬ ಆ ಏರ್ಪಾಟಿನಲ್ಲಿ ಹತ್ತಿದ ತಲೆಗಳನ್ನು ಎಣಿಸದೆ, ಓಡಿಸಿದ ಕಿಲೋಮೀಟರಿಗೆ ಇಷ್ಟೆಂದು ಸರ್ಕಾರವೇ ಹಣ ಕೊಟ್ಟಿತು. ಆಗ ಗಾಡಿ ತುಂಬಲೆಂದು ಕಾಯುವ ಅಗತ್ಯ ಚಾಲಕನಿಗಿಲ್ಲ, ಮುಂದಿನವನನ್ನು ಹಿಂದಿಕ್ಕಿ ಗಳಿಸುವುದೂ ಏನಿಲ್ಲ. ತೊಡಕು ಇನ್ನೊಂದು ಕಡೆ ಇದೆ: ಖಾಲಿ ಗಾಡಿ ಸುತ್ತಿದರೂ ಕಿಲೋಮೀಟರು ಏರುತ್ತದೆ, ಎಷ್ಟು ಓಡಿತೆಂಬುದನ್ನು ಜಿಪಿಎಸ್‌ನಿಂದ ಪರಿಶೀಲಿಸಬೇಕು, ಪರಿಶೀಲನೆ ಮುಗಿದು ಹಣ ಕೈಸೇರುವುದು ತಡವಾದರೆ ಎಣ್ಣೆಗೆ ಸಾಲ ಮಾಡಬೇಕು, ಬಜೆಟ್ಟಿನ ಹಣ ಮುಗಿದ ದಿನ ಗುತ್ತಿಗೆಯೂ ಮುಗಿಯುತ್ತದೆ. ಮರುದಿನ ಬೆಳಗ್ಗೆ ಚಾಲಕ ಮತ್ತೆ ಬೌಂಡರಿಯ ಲೆಕ್ಕಕ್ಕೇ ಗಾಡಿ ಹೊರತೆಗೆಯುತ್ತಾನೆ.